ಪರೀಕ್ಷಿತನು ಅರಸಿದ ಮೃಗ

ಭಾಗವತ ಸಪ್ತಾಹವು ನಡೆಯುವ ಊರುಗಳಲ್ಲಿ ಪರೀಕ್ಷಿದ್ರಾಜನ ವೃತ್ತಾಂತವನ್ನು ಕೇಳದವರಿಲ್ಲ. ಅರಸನು ಶಮೀಕ ಮುನಿಯ ಹೆಗಲ ಮೇಲೆ ಸತ್ತ ಹಾವನ್ನು ಹಾಕಿದುದು, ಮುನಿಪುತ್ರನಾದ ಶೃಂಗಿಯು ಶಪಿಸಿದುದು, ಗಂಗಾತೀರದಲ್ಲಿ ಶುಕಮಹರ್ಷಿಗಳು ಏಳು ದಿನ ಹರಿಕಥಾಮೃತವನ್ನು ಉಣಿಸಿದುದು, ಕಡೆಗೆ ತಕ್ಷಕನು ಬಂದುದು, ಇವೆಲ್ಲವೂ ನಮಗೆ ಕಂಠಸ್ಥವಾಗಿವೆ. ಆದರೆ ಈ ಸಮಸ್ತ ಕಥೆಗೂ ನಿಮಿತ್ತವಾದ ಒಂದು ಪ್ರಾಣಿಯುಂಟು; ಅದನ್ನು ಯಾರೂ ನೆನೆಯುವುದಿಲ್ಲ. ಮಹಾಭಾರತದ ಆದಿಪರ್ವದಂತೆ, ಅರಸನು ಅಂದು ಒಂದು ಮೃಗವನ್ನು ಬಾಣದಿಂದ ಹೊಡೆದನು. ಅದು ಪೆಟ್ಟು ತಿಂದು ಓಡಿ ಕಣ್ಮರೆಯಾಯಿತು. ಅವನ ಬಾಣ ತಗುಲಿದ ಮೃಗವು ಜೀವದಿಂದ ತಪ್ಪಿಸಿಕೊಂಡುದು ಅದಕ್ಕೆ ಮುಂಚೆ ಎಂದೂ ಇರಲಿಲ್ಲವಂತೆ. ಯಜ್ಞಮೃಗವನ್ನು ಬೆನ್ನಟ್ಟಿದ ರುದ್ರನಂತೆ ಬಿಲ್ಲು ಹಿಡಿದು ಅವನು ಅದನ್ನು ಅರಸುತ್ತ ದೂರ ನಡೆದನು, ಹಸಿದನು, ಬಾಯಾರಿದನು. ಮುನಿಯನ್ನು ಅವನು ಕೇಳಿದುದು ಒಂದೇ ಪ್ರಶ್ನೆ: ತಾನು ಹೊಡೆದ ಮೃಗವೊಂದು ಕಾಣದಾಗಿದೆ, ತಾವು ಕಂಡಿರಾ? ಮುನಿಗೆ ಮೌನವ್ರತ. ಮುಂದಿನದು ಎಲ್ಲರೂ ಬಲ್ಲ ಸಂಗತಿ. ಆ ಮೃಗವೇನಾಯಿತು? ಕಥೆಯು ಮತ್ತೆ ಅದರ ಕಡೆಗೆ ತಿರುಗುವುದಿಲ್ಲ.

ಮೃಗಯೆಯು ವ್ಯಸನಗಳಲ್ಲೊಂದು, ಅದಕ್ಕೆ ವಶನಾದುದರಿಂದಲೇ ಅರಸನಿಗೆ ಕೇಡು ಬಂದಿತೆಂದು ಪೌರಾಣಿಕರು ಹೇಳುವುದುಂಟು. ಅವರ ಮಾತನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅಂದು ಅವನು ಮಾಡಿದ ಕಾರ್ಯಗಳಲ್ಲಿ ನಿಂದೆಗೆ ದೂರವಾದುದು ಯಾವುದೆಂದು ಯಾರಾದರೂ ಕೇಳಿದರೆ, ಗಾಯಗೊಂಡ ಮೃಗದ ಜಾಡನ್ನು ಬಿಡದೆ ಹಿಡಿದುದೇ ಎಂದು ಹೇಳುತ್ತೇನೆ. ಬಾಣ ಬಿಟ್ಟ ಮೇಲೆ ಅದರ ಹಿಂದೆ ಹೋಗುವುದು ಅವನ ಧರ್ಮವಾಗಿತ್ತು. ಆ ಧರ್ಮದ ದಣಿವು ಕೋಪವಾಗಿ ತಿರುಗಿದುದು ಅವನ ದೋಷ.

ದೇವಾಲಯದ ಜೀರ್ಣೋದ್ಧಾರದ ಸಂಚಿಕೆಯಲ್ಲಿ ಬೇಟೆಯ ಮಾತೇಕೆ ಎಂದು ಭಕ್ತಮಹಾಶಯರು ಹುಬ್ಬೇರಿಸಬಹುದು. ಆದರೆ ಜವಳಗಿರಿಯಲ್ಲಿ ನಿಂತು ಕಾಡಿನ ಮಾತನ್ನು ಬಿಡುವುದು ಹೇಗೆ? ಬನ್ನೇರುಘಟ್ಟದ ಕಡೆಯಿಂದ ವರ್ಷವರ್ಷವೂ ಆನೆಗಳ ಹಿಂಡು ಇಳಿದು ಬರುವ ದಾರಿ ಇದು. ಕಡವೆ, ಚುಕ್ಕೆಜಿಂಕೆ, ಹಂದಿಗಳು ಹೊಲದಂಚಿನವರೆಗೂ ಬರುವ ನೆಲ ಇದು. ಹೊಸೂರು ಕೃಷ್ಣಗಿರಿಗಳ ಸೀಮೆಯಲ್ಲಿ ವೀರಗಲ್ಲುಗಳು ಹೇರಳವಾಗಿವೆ. ಈ ಊರು ಇನ್ನೂ ಸೇಲಂ ಜಿಲ್ಲೆಗೆ ಸೇರಿದ್ದಾಗ ಬೆಂಗಳೂರಿನಿಂದ ಶಿಕಾರಿಗಳು ಕೋವಿ ಹಿಡಿದು ಇಲ್ಲಿಗೆ ಬರುತ್ತಿದ್ದರು. ಅವರಲ್ಲಿ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಜವಳಗಿರಿಯ ನರಭಕ್ಷಕ ಹೆಣ್ಣುಹುಲಿಯ ಕಥೆಯಿದೆ. ಆತನ ಬರವಣಿಗೆಯಂತೆ, ಜೊತೆಯ ಗಂಡುಹುಲಿಯನ್ನು ಕಳೆದುಕೊಂಡ ಆ ಪ್ರಾಣಿಗೆ ಮತ್ತೊಬ್ಬನ ಗುಂಡು ತಗುಲಿತು. ಅದು ಸಾಯಲಿಲ್ಲ, ಗಾಯಗೊಂಡು ಕಾಡು ಸೇರಿತು. ಬಳಿಕ ಮನುಷ್ಯರನ್ನು ಹಿಡಿಯತೊಡಗಿತು. ಹೊಡೆದವನು ಒಬ್ಬ, ತೆತ್ತವರು ಹಳ್ಳಿಗರು. ಗಾಯಗೊಂಡ ಜಿಂಕೆಯು ಯಾರ ಮೇಲೂ ಎರಗುವುದಿಲ್ಲ, ಪೊದೆಯೊಳಗೆ ಮಲಗಿ ಸದ್ದಿಲ್ಲದೆ ಸಾಯುತ್ತದೆ. ಆದುದರಿಂದಲೇ ಅದರ ಲೆಕ್ಕವನ್ನು ಯಾರೂ ಕೇಳಿಲ್ಲ.

ಈಗ ಗುಂಡಿನ ವಿಷಯ. ಬೇಟೆಗೆ ಯಾವ ಗುಂಡು ಎಂಬುದು ಶಿಕಾರಿಗಳ ಹರಟೆಯ ವಸ್ತುವೆಂದು ತೋರಿದರೂ ಅದರೊಳಗೆ ಧರ್ಮಸೂಕ್ಷ್ಮವೊಂದು ಅಡಗಿದೆ. ತಾಮ್ರದ ಕವಚವು ಸೀಸವನ್ನು ಪೂರ್ತಿಯಾಗಿ ಮುಚ್ಚಿದ್ದರೆ ಅದು ಗಟ್ಟಿ ಗುಂಡು. ಮೈಯನ್ನು ಸಣ್ಣ ತೂತಾಗಿ ಕೊರೆದು ಆಚೆಗೆ ಹೋಗುತ್ತದೆ. ತುದಿಯಲ್ಲಿ ಸೀಸವು ತೆರೆದಿದ್ದರೆ ಅದು ಶಿಕಾರಿಗಳು ‘ಸಾಫ್ಟ್ ನೋಸ್’ ಎನ್ನುತ್ತಿದ್ದ ಮೆತ್ತನೆಯ ಗುಂಡು. ಮಾಂಸಕ್ಕೆ ತಗುಲಿದೊಡನೆ ಅಣಬೆಯಂತೆ ಅರಳಿ ಒಳಗೆ ದೊಡ್ಡ ಗಾಯವನ್ನು ಮಾಡುತ್ತದೆ. ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯ ಹೆಸರನ್ನೇ ಪಡೆದ ಇಂತಹ ಗುಂಡುಗಳನ್ನು ಯುದ್ಧದಲ್ಲಿ ಬಳಸಬಾರದೆಂದು 1899ರಲ್ಲಿ ಹೇಗ್ ನಗರದಲ್ಲಿ ರಾಷ್ಟ್ರಗಳು ಘೋಷಿಸಿದುವು. ಅದು ಅತಿ ಕ್ರೂರವೆಂದು ಅವುಗಳ ಮತ. ಆದರೆ ಇಂಗ್ಲೆಂಡಿನ 1991ರ ಜಿಂಕೆಗಳ ಕಾಯಿದೆಯು, ಜಿಂಕೆಯನ್ನು ರೈಫಲಿನಿಂದ ಹೊಡೆಯುವುದಾದರೆ ಇಂತಹ ಅರಳುವ ಗುಂಡನ್ನಲ್ಲದೆ ಬೇರೆಯದನ್ನು ಬಳಸಕೂಡದೆಂದು ವಿಧಿಸುತ್ತದೆ. ಮನುಷ್ಯನ ಮೇಲೆ ಕ್ರೌರ್ಯವೆನಿಸಿದುದು ಮೃಗದ ಮೇಲೆ ಕರುಣೆಯಾಯಿತೆ?

ಮೊದಲ ನೋಟಕ್ಕೆ ಇದು ಮನುಷ್ಯನ ಪಕ್ಷಪಾತದಂತೆ ಕಾಣುತ್ತದೆ. ವಿಚಾರ ಮಾಡಿದರೆ ಹಾಗಲ್ಲ. ಯುದ್ಧದಲ್ಲಿ ಗಾಯಗೊಂಡ ಸೈನಿಕನಿಗೆ ಹಿಂದೆ ಜನವಿದೆ. ಅವನನ್ನು ಎತ್ತಿಕೊಳ್ಳುವವರು, ಕಟ್ಟು ಕಟ್ಟುವವರು, ವೈದ್ಯರು ಇದ್ದಾರೆ. ಸಣ್ಣ ಗಾಯವು ಅವನಿಗೆ ಬದುಕುವ ಅವಕಾಶವನ್ನು ಕೊಡುತ್ತದೆ. ಕಡವೆಗೆ ಯಾರಿದ್ದಾರೆ? ಅದರ ಹಿಂಡು ಆಗಲೇ ಓಡಿ ಹೋಗಿದೆ. ಸಣ್ಣ ಗಾಯವೆಂದರೆ ಅದಕ್ಕೆ ದೊರೆಯುವುದು ಬದುಕಲ್ಲ. ಮೂರು ದಿನ ಎಳೆದಾಡುವ ಸಾವು. ಈ ಲೋಕದಲ್ಲಿ ಆ ಗಾಯವನ್ನು ಬಲ್ಲವನು, ಅದನ್ನು ಮುಗಿಸಬಲ್ಲವನು, ಒಬ್ಬನೇ: ಗಾಯ ಮಾಡಿದವನು. ಹೊಡೆದ ಕ್ಷಣದಿಂದ ಅವನೇ ಅದಕ್ಕೆ ಬಂಧು. ಇಂತಹ ಬಾಂಧವ್ಯವನ್ನು ಯಾರೂ ಬಯಸಿ ಪಡೆಯುವುದಿಲ್ಲ. ಆದರೆ ಬಂದುದನ್ನು ಬಿಟ್ಟುಹೋಗುವುದಕ್ಕೂ ಬರುವುದಿಲ್ಲ.

ಮೆತ್ತನೆಯ ಗುಂಡೆಂದ ಮಾತ್ರಕ್ಕೆ ಪುಣ್ಯ ಕಟ್ಟಿಟ್ಟುದಲ್ಲ. ತೀರ ಮೆತ್ತಗಿದ್ದು ವೇಗವೂ ಅತಿಯಾದರೆ ಅದು ಕಡವೆಯ ಹೆಗಲ ಮೂಳೆಯ ಮೇಲೆಯೇ ಚೂರಾಗಿ ಪುಪ್ಪುಸವನ್ನು ಮುಟ್ಟದೆ ಉಳಿಯುತ್ತದೆ. ಕೇಪಿನ ಕೋವಿಗೆ ಸೀಸದ ಚೂರನ್ನೋ ಸೈಕಲ್ಲಿನ ಗುಂಡುಗಳನ್ನೋ ತುರುಕಿ ರಾತ್ರಿಯಲ್ಲಿ ಮಿಂಚುವ ಕಣ್ಣಿಗೆ ಈಡು ಹಾಕುವವನಂತೂ ಕೊಲ್ಲುವುದಕ್ಕಿಂತ ಹೆಚ್ಚಾಗಿ ಗಾಯವನ್ನೇ ಬಿತ್ತುತ್ತಾನೆ.

ನೆತ್ತರ ಜಾಡನ್ನು ಓದುವುದು ಒಂದು ವಿದ್ಯೆ. ಕೋವಿ ಸಿಡಿದೊಡನೆ ಓಡುವವನು ಅದನ್ನು ಓದಲಾರನು. ಮೃಗವು ನಿಂತಿದ್ದ ಸ್ಥಳವನ್ನು ಮೊದಲು ಗುರುತಿಸಬೇಕು. ಅಲ್ಲಿ ಉದುರಿದ ರೋಮದ ಬಣ್ಣ ಉದ್ದಗಳಿಂದಲೇ ಗುಂಡು ಎಲ್ಲಿ ತಗುಲಿತೆಂದು ಬಲ್ಲವರು ಊಹಿಸುತ್ತಾರೆ. ನಸುಗೆಂಪಾಗಿ ನೊರೆಗೂಡಿದ ರಕ್ತವಾದರೆ ಪುಪ್ಪುಸಕ್ಕೆ ಪೆಟ್ಟು. ಮೃಗವು ದೂರ ಹೋಗಿರದು. ಕಪ್ಪುಗೆಂಪಾಗಿದ್ದರೆ ಯಕೃತ್ತು. ನೀರುನೀರಾಗಿ, ಹಸುರು ಬೆರೆತು, ಅರೆಜೀರ್ಣವಾದ ಸೊಪ್ಪಿನ ಕಣಗಳಿಂದ ನಾರುತ್ತಿದ್ದರೆ ಹೊಟ್ಟೆಗೆ ಪೆಟ್ಟು. ಆಗ ಒಡನೆಯೇ ಬೆನ್ನಟ್ಟಿದರೆ ಮೃಗವು ಎದ್ದು ಎದ್ದು ಓಡುತ್ತದೆ, ಕಾದು ಹೋದರೆ ಮಲಗಿದಲ್ಲಿಯೇ ಸಿಕ್ಕುತ್ತದೆ. ಗುಂಡು ಮೇಲಿನಿಂದ ಹೊಕ್ಕು ಆಚೆಗೆ ಬಾರದೆ ನಿಂತಿದ್ದರೆ ನೆತ್ತರು ಎದೆಯ ಗೂಡಿನಲ್ಲಿಯೇ ತುಂಬಿಕೊಂಡು ನೆಲಕ್ಕೆ ಒಂದು ಹನಿಯೂ ಬೀಳದಿರಬಹುದು. ನೆತ್ತರಿಲ್ಲವೆಂದು ಗುಂಡು ತಪ್ಪಿತೆಂದುಕೊಂಡು ಮನೆಗೆ ಹಿಂದಿರುಗುವವನು ಅಲ್ಲಿಯೇ ಮೋಸ ಹೋಗುತ್ತಾನೆ. ಜಾಡಿನ ಮೇಲೆ ಕಾಲಿಡದೆ ಮಗ್ಗುಲಲ್ಲಿ ನಡೆಯಬೇಕು, ಕಡೆಯ ಹನಿ ಕಂಡಲ್ಲಿ ಗುರುತಿಗೆ ಒಂದು ಟೊಂಗೆಯನ್ನು ನೆಡಬೇಕು, ಮಂಡಿಯೂರಿ ಹುಲ್ಲಿನ ಅಡಿಯನ್ನೂ ಎಲೆಯ ಬೆನ್ನನ್ನೂ ನೋಡಬೇಕು. ಕೋವಿ ಹಿಡಿದಾಗ ನೆಟ್ಟಗೆ ನಿಂತಿದ್ದವನು ಇಲ್ಲಿ ನೆಲಕ್ಕೆ ಬಾಗಲೇಬೇಕಾಗುತ್ತದೆ.

ಈ ಜಾಡಿನಲ್ಲಿಯೇ ಮನುಷ್ಯನ ಪರೀಕ್ಷೆಯೂ ಇದೆ. ಮಾಂಸಕ್ಕಾಗಿ ಹೋಗುವವನೂ ಕನಿಕರದಿಂದ ಹೋಗುವವನೂ ಇಡುವ ಹೆಜ್ಜೆ ಒಂದೇ. ಹೊರಗಿನಿಂದ ವ್ಯತ್ಯಾಸ ತಿಳಿಯದು. ಆದರೆ ಹಸುರು ಬೆರೆತ ರಕ್ತವನ್ನು ಕಂಡಾಗ ತಿಳಿಯುತ್ತದೆ. ಹೊಟ್ಟೆಗೆ ಪೆಟ್ಟು ತಿಂದು ಬಹಳ ಹೊತ್ತು ಬಿಟ್ಟು ಸಾಯುವ ಮೃಗದ ಮಾಂಸವು ನಮ್ಮ ಸೆಕೆಯಲ್ಲಿ ಕೆಟ್ಟುಹೋಗುವುದೇ ಹೆಚ್ಚು. ಇನ್ನು ಸಿಕ್ಕಿದರೂ ಪ್ರಯೋಜನವಿಲ್ಲವೆಂದು ಗೊತ್ತಾದ ಮೇಲೆಯೂ ಮುಂದೆ ನಡೆಯುವವನು ಯಾರು? ಅವನ ಹೆಜ್ಜೆ ಮಾತ್ರವೇ ಮೃಗದ ಸಲುವಾಗಿ ಇಟ್ಟುದು.

ಜರ್ಮನಿಯ ಬೇಟೆಯ ಕಾಯಿದೆಯಲ್ಲಿ, ಗಾಯಗೊಂಡ ಮೃಗವನ್ನು ತಡಮಾಡದೆ ಕೊಂದು ಅದರ ನೋವನ್ನು ನೀಗಿಸಬೇಕೆಂಬ ವಿಧಿಯೇ ಇದೆ. ಅದಕ್ಕೆಂದೇ ನಾಯಿಗಳನ್ನು ಅಲ್ಲಿ ಪಳಗಿಸುತ್ತಾರೆ. ನಾಯಿಯ ಮಾತು ಬಂದುದರಿಂದ ನಮ್ಮ ನಾಡಿನ ಆತಕೂರು ಶಾಸನವು ನೆನಪಿಗೆ ಬರುತ್ತದೆ. ಸುಮಾರು ಕ್ರಿ.ಶ. 950ರ ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನಿಂದ ಮಣಲೆರನು ಬೇಡಿ ಪಡೆದ ಕಾಳಿಯೆಂಬ ಬೇಟೆನಾಯಿಯು ಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವು ಬರಲೆಂದೂ ಬರೆಸಿದರು. ಕಲ್ಲಿನ ಮೇಲೆ ನಾಯಿಯ ಎದುರಿಗೆ ಹಂದಿಯನ್ನೂ ಕಡೆದಿದ್ದಾರೆ. ಪರೀಕ್ಷಿತನ ಮೃಗಕ್ಕೆ ದೊರೆಯದ ನೆನಪು ಆ ಹಂದಿಗೆ ದೊರೆಯಿತು.

ಹಿಂಸೆಯೇ ತಪ್ಪಾದ ಮೇಲೆ ಹಿಂಸೆಯಲ್ಲಿ ನೀತಿಯನ್ನು ಹುಡುಕುವುದು ಕಳ್ಳನಿಗೆ ಲೆಕ್ಕ ಬರೆಯಲು ಕಲಿಸಿದಂತೆ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಣೆಯು ಬಲವಾದುದೇ. ಆದರೆ ಮೊದಲ ಮೆಟ್ಟಿಲಿನಲ್ಲಿ ಜಾರಿದವನಿಗೆ ಎರಡನೆಯ ಮೆಟ್ಟಿಲಿನ ಧರ್ಮವೂ ಇಲ್ಲವೆನ್ನುವುದಾದರೆ ಪಾಪಿಗಳಾದ ನಾವೆಲ್ಲರೂ ಸ್ವತಂತ್ರರಾದಂತಾಯಿತು! ನಮ್ಮ ಹಿಂದಿನವರ ವಿಚಾರವು ಹೀಗಿರಲಿಲ್ಲ. ಪಾಂಡುವನ್ನು ಶಪಿಸಿದ ಕಿಂದಮ ಮುನಿಯು ಮೃಗವನ್ನು ಹೊಡೆದುದಕ್ಕಾಗಿ ನಿಂದಿಸಲಿಲ್ಲ; ಕೂಡಿದ್ದ ಹೊತ್ತಿನಲ್ಲಿ ಹೊಡೆದುದಕ್ಕಾಗಿ ನಿಂದಿಸಿದನು. ದಶರಥನು ಕತ್ತಲಲ್ಲಿ ಶಬ್ದವನ್ನು ಕೇಳಿ ಬಾಣ ಬಿಟ್ಟುದು ಅಕ್ಷಮ್ಯ. ಆದರೂ ಅವನು ಸರಯೂ ತೀರಕ್ಕೆ ಇಳಿದು ಹೋಗಿ ತನ್ನ ಬಾಣವು ಯಾರಿಗೆ ತಗುಲಿತೆಂದು ಕಂಡನು, ಆ ಬಾಲಕನ ಕೊಡವನ್ನು ಕುರುಡರಾದ ತಂದೆತಾಯಿಗಳ ಬಳಿಗೆ ತಾನೇ ಹೊತ್ತನು. ಜರನೆಂಬ ವ್ಯಾಧನು ಜಿಂಕೆಯೆಂದು ಬಗೆದು ಹೊಡೆದು, ಅದನ್ನು ಹಿಡಿಯಲು ಹತ್ತಿರ ಬಂದಾಗ ಕಂಡುದು ಶ್ರೀಕೃಷ್ಣನನ್ನು. ಅವನು ಬಾರದೆ ಹೋಗಿದ್ದರೆ ಭಗವಂತನ ಅಭಯವೂ ಅವನಿಗೆ ದೊರೆಯುತ್ತಿರಲಿಲ್ಲ.

ಎಷ್ಟು ದೂರ ಹೋಗಬೇಕು? ಕತ್ತಲಾಗುತ್ತದೆ, ಆನೆಯ ಭಯವಿದೆ, ಮನೆಯಲ್ಲಿ ಮಕ್ಕಳಿದ್ದಾರೆ. ಪ್ರಾಣವನ್ನು ಕೊಡೆಂದು ಯಾವ ಶಾಸ್ತ್ರವೂ ಹೇಳದು. ಆದರೆ ದಣಿವು ಸಾಕಾಯಿತೆನ್ನುವುದು ಜಾಡು ಮುಗಿದುದಕ್ಕೆ ಸಾಕ್ಷಿಯಲ್ಲ. ನೆಟ್ಟ ಟೊಂಗೆಯು ಬೆಳಗಿನವರೆಗೂ ಅಲ್ಲಿಯೇ ಇರುತ್ತದೆ. ಸಿಕ್ಕದೆ ಉಳಿದ ಮೃಗದ ಮೈಯೊಳಗಿನ ಸೀಸವಾದರೋ ಅಲ್ಲಿಗೇ ನಿಲ್ಲುವುದಿಲ್ಲ. ಹೆಣವನ್ನು ತಿಂದ ರಣಹದ್ದುಗಳ ಹೊಟ್ಟೆಗೆ ವಿಷವಾಗಿ ಹೋಗುತ್ತದೆ. ಈ ಕಾರಣದಿಂದ ಅಮೆರಿಕದ ಕ್ಯಾಲಿಫೋರ್ನಿಯವು 2019ರಿಂದ ಬೇಟೆಯಲ್ಲಿ ಸೀಸದ ಗುಂಡನ್ನು ನಿಷೇಧಿಸಿದೆ. ಜಟಾಯುವಿನ ಕುಲದ ಮೇಲೆ ಅಷ್ಟಾದರೂ ಕರುಣೆ ಬಂದಿತಲ್ಲ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ, ಪರವಾನಿಗೆಯ ಬೇಟೆಯನ್ನೂ ಕೊನೆಗಾಣಿಸಿದ 1991ರ ತಿದ್ದುಪಡಿಯೂ ಶಿಕಾರಿಯ ಕಾಲವನ್ನು ಮುಗಿಸಿವೆ. ಈ ಸೀಮೆಯ ಕಾಡುಗಳಲ್ಲಿ 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ಎಂಬ ಅಭಯಾರಣ್ಯಗಳಾಗಿವೆ. ಅಷ್ಟರಿಂದ ಗಾಯಗಳು ನಿಂತಿಲ್ಲ. ಹಿಂದಿನ ಶಿಕಾರಿಗೆ ಕಣ್ಣಾದರೂ ಇತ್ತು, ಮನಸ್ಸಿದ್ದರೆ ಕಾಲೂ ಇತ್ತು. ಬೆಳೆಯ ಸುತ್ತ ಕದ್ದು ಬಿಟ್ಟ ವಿದ್ಯುತ್ತಿನ ತಂತಿಗೆ, ಪೊದೆಯಲ್ಲಿ ಒಡ್ಡಿದ ಉರುಳಿಗೆ ಅವೆರಡೂ ಇಲ್ಲ. 2023ರ ಮಾರ್ಚಿಯಲ್ಲಿ ಧರ್ಮಪುರಿ ಜಿಲ್ಲೆಯ ಮಾರಂಡಹಳ್ಳಿಯ ಬಳಿ ಇಂತಹ ತಂತಿಯಿಂದ ಮೂರು ಆನೆಗಳು ಸತ್ತುವು. ಎರಡು ಮರಿಗಳು ಉಳಿದುವು. ಹಂದಿಗೆಂದು ಕಟ್ಟಿದ ತಂತಿ, ಉರುಳು ಯಾರಿಗೆ ತಗುಲಿತೆಂದು ಇಳಿದು ನೋಡುವ ದಶರಥನೂ ಅಲ್ಲಿಲ್ಲ. ರೈತನ ಸಂಕಟವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಒಂದು ರಾತ್ರಿಯಲ್ಲಿ ರಾಗಿಯ ಹೊಲವೆಲ್ಲ ಹಾಳಾದುದನ್ನು ಕಂಡವರಿಗೆ ಉಪದೇಶವು ರುಚಿಸದು. ತಂತಿಯನ್ನು ಕಟ್ಟಿ ನಿದ್ರೆ ಹೋಗುವುದು ಮಾತ್ರ ಅವನ ಸಂಕಟಕ್ಕೆ ಉತ್ತರವಲ್ಲ.

2025ರ ಜನವರಿಯಲ್ಲಿ ತಮಿಳುನಾಡು ಸರಕಾರವು, ಕಾಯ್ದಿಟ್ಟ ಅರಣ್ಯದ ಅಂಚಿನಿಂದ ಮೂರು ಕಿಲೋಮೀಟರಿಗೂ ಆಚೆಗೆ ಬಂದು ಬೆಳೆ ತಿನ್ನುವ ಹಂದಿಗಳನ್ನು ಅರಣ್ಯ ಇಲಾಖೆಯವರು ಹೊಡೆಯಬಹುದೆಂದು ಆಜ್ಞೆಯನ್ನು ಹೊರಡಿಸಿತು. ಕೋವಿಯು ಹೀಗೆ ಮತ್ತೆ ನಮ್ಮ ಹೊಲಗಳ ಅಂಚಿಗೆ ಬಂದು ನಿಂತಿದೆ. ಹೊಡೆಯಬೇಕೆ ಬೇಡವೆ ಎಂಬ ಚರ್ಚೆಯು ಎಲ್ಲೆಡೆ ನಡೆಯುತ್ತಿದೆ, ನಡೆಯಲಿ. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಸಂಜೆ ಹೊಡೆದ ಹಂದಿಯು ನೆತ್ತರು ಸುರಿಸುತ್ತ ಕಾಡಿನ ಕಡೆಗೆ ಓಡಿದರೆ, ಮರುದಿನ ಬೆಳಗ್ಗೆ ಅಲ್ಲಿಗೆ ಹೋಗಿ ಎಲೆಯ ಬೆನ್ನನ್ನು ತಿರುಗಿಸಿ ನೋಡುವವರು ಯಾರು?