ಮಕ್ಕಳ ಯಂತ್ರವೂ ಹೆತ್ತವರ ಕಣ್ಣೂ

ಉಪನ್ಯಾಸ ಮುಗಿದು ಮಂಗಳಾರತಿಯಾದ ಮೇಲೆ ಗೃಹಸ್ಥರು ವಿದ್ವಾಂಸರ ಬಳಿಗೆ ಬಂದು ತಮ್ಮ ಸಂಶಯಗಳನ್ನು ನಿವೇದಿಸಿಕೊಳ್ಳುವ ಪದ್ಧತಿ ನಮ್ಮ ದೇವಾಲಯಗಳಲ್ಲಿ ಹಿಂದಿನಿಂದಲೂ ಉಂಟು. ಏಕಾದಶಿಯ ಉಪವಾಸ ಇಂದೋ ನಾಳೆಯೋ, ಆಶೌಚವು ಎಷ್ಟು ದಿನ ಎಂಬ ಪ್ರಶ್ನೆಗಳ ನಡುವೆ ಕೆಲವು ವರ್ಷಗಳಿಂದ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತಿದೆ: ‘ಮಗನ ಓದಿಗೆಂದು ಲ್ಯಾಪ್‌ಟಾಪ್ ಬಂದಿದೆ. ಅವನು ಅದರಲ್ಲಿ ಏನು ನೋಡುತ್ತಾನೆ, ಯಾರೊಡನೆ ಮಾತನಾಡುತ್ತಾನೆ ಎಂಬುದನ್ನು ಅವನಿಗೆ ತಿಳಿಯದಂತೆ ನಾವು ನೋಡಬಹುದೇ?’ ನಿರ್ಣಯಗ್ರಂಥಗಳಲ್ಲಿ ಇದಕ್ಕೆ ನೇರವಾದ ವಚನ ದೊರೆಯಲಾರದು. ಆದರೂ ಪ್ರಶ್ನೆ ಧರ್ಮಕ್ಕೆ ಸಂಬಂಧಿಸಿದ್ದೇ ಆದುದರಿಂದ ಸ್ವಲ್ಪ ವಿಚಾರಿಸುವುದು ಉಚಿತ.

‘ಯಂತ್ರವೇ ಬೇಡ’ ಎಂಬ ಸುಲಭವಾದ ಉತ್ತರವನ್ನು ಮೊದಲೇ ಬದಿಗಿಡಬೇಕು. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ, ಅಂದಿನವರೆಗೆ ಮಕ್ಕಳ ಕೈಗೆ ಮೊಬೈಲು ಕೊಡಬೇಡಿರೆಂದು ಹೇಳುತ್ತಿದ್ದ ಶಾಲೆಗಳೇ ಕೊಡಿರೆಂದು ಹೇಳಬೇಕಾಯಿತು. ನಮ್ಮ ಜಿಲ್ಲೆಯ ಘಟ್ಟದ ಊರುಗಳಲ್ಲಿ ನೆಟ್‌ವರ್ಕಿಗಾಗಿ ವಿದ್ಯಾರ್ಥಿಗಳು ಗುಡ್ಡ ಹತ್ತಿ ಕುಳಿತು ಪಾಠ ಕೇಳಿದರು. ಅದೇ ವರ್ಷದ ಜೂನ್‌ನಲ್ಲಿ ರಾಜ್ಯ ಸರ್ಕಾರವು ಕೆಳಗಿನ ತರಗತಿಗಳ ಆನ್‌ಲೈನ್ ಪಾಠಗಳನ್ನು ನಿಷೇಧಿಸಿದಾಗ, ಕರ್ನಾಟಕ ಉಚ್ಚ ನ್ಯಾಯಾಲಯವು ಜುಲೈ 8ರಂದು ಆ ನಿಷೇಧಕ್ಕೆ ತಡೆ ನೀಡಿತು. ಹೀಗೆ ಈ ಯಂತ್ರವು ವಿನೋದದ ವಸ್ತುವಾಗಿ ಮಾತ್ರವಲ್ಲದೆ ವಿದ್ಯೆಯ ಉಪಕರಣವಾಗಿ ಮನೆಯನ್ನು ಪ್ರವೇಶಿಸಿತು. ವಿದ್ಯೆಯ ಉಪಕರಣವನ್ನು ಹೊರಗೆಸೆಯೆಂದು ಯಾರು ಹೇಳಿಯಾರು?

ಆದರೆ ನಮ್ಮ ಮಿರ್ಜಾನದಂತಹ ಊರಿನ ಮನೆಗಳಲ್ಲಿ ಒಂದು ವಿಶೇಷ ಕಷ್ಟವುಂಟು. ಎಷ್ಟೋ ಮನೆಗಳಲ್ಲಿ ಒಳಗೆ ಆಡುವ ಮಾತು ಕೊಂಕಣಿ, ಶಾಲೆಯ ಮಾತು ಕನ್ನಡ, ಯಂತ್ರದ ಮಾತು ಇಂಗ್ಲಿಷ್. ಮಗು ಕೊಪ್ಪಿಯಲ್ಲಿ ಬರೆದುದನ್ನು ಓದಬಲ್ಲ ತಾಯಿಯು ಪರದೆಯ ಮೇಲಿನದನ್ನು ಓದಲಾರಳು. ತಂದೆಯು ಅಂಗಡಿ ಮುಚ್ಚಿ ಬರುವಾಗ ರಾತ್ರಿಯಾಗಿರುತ್ತದೆ. ತಿಳಿಯದ ವಸ್ತುವಿನ ವಿಷಯದಲ್ಲಿ ಭಯ ಹುಟ್ಟುವುದು ಸ್ವಾಭಾವಿಕ. ಕದ್ದು ನೋಡಬೇಕೆಂಬ ಆಸೆಯು ಈ ಭಯದ ಸಂತಾನ.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳೋಣ. ಮಗುವು ಅಪ್ರಾಪ್ತವಯಸ್ಕ, ಅದರ ಹಿತಾಹಿತಗಳ ಹೊಣೆ ತಂದೆತಾಯಿಗಳದ್ದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಿಕೊಳ್ಳಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಆಸ್ಟ್ರೇಲಿಯಾ ದೇಶವಂತೂ 2025ರ ಡಿಸೆಂಬರ್ 10ರಿಂದ ಹದಿನಾರರ ಒಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಗಳನ್ನೇ ನಿಷೇಧಿಸಿದೆ. ಸರ್ಕಾರಗಳೇ ಇಷ್ಟು ಎಚ್ಚರ ವಹಿಸುವಾಗ, ಜ್ವರ ಬಂದ ಮಗುವಿಗೆ ಬೆಲ್ಲದಲ್ಲಿಟ್ಟು ಔಷಧ ಕೊಡುವ ತಾಯಿಯು ಮಗಳ ಯಂತ್ರವನ್ನು ಗುಟ್ಟಾಗಿ ಪರೀಕ್ಷಿಸಿದರೆ ದೋಷವೇನು?

ನೋಡುವುದರಲ್ಲಿ ದೋಷವಿಲ್ಲ. ನೋಡದಿರುವುದೇ ದೋಷ. ವಿವಾದವಿರುವುದು ‘ಗುಟ್ಟಾಗಿ’ ಎಂಬ ಮಾತಿನಲ್ಲಿ ಮಾತ್ರ.

ನಮ್ಮ ಸಿದ್ಧಾಂತದಲ್ಲಿ ಸಾಕ್ಷಿಯೆಂದರೆ ಜೀವನ ಸ್ವರೂಪೇಂದ್ರಿಯ. (ಲೋಕದಲ್ಲಿ ಜನರು ‘ಮನಸ್ಸಾಕ್ಷಿ’ ಎನ್ನುವುದು ಬೇರೆ, ಎರಡನ್ನೂ ಬೆರೆಸಬಾರದು.) ಸುಖದುಃಖಗಳನ್ನು ನೇರವಾಗಿ ಅರಿಯುವುದು ಸಾಕ್ಷಿ. ಕಣ್ಣು ಕಿವಿಗಳಿಂದಲೂ ಪರರ ಮಾತಿನಿಂದಲೂ ಬಂದ ಜ್ಞಾನವು ಸರಿಯಾದುದೆಂದು ಕೊನೆಗೆ ನಿಶ್ಚಯಿಸುವುದೂ ಸಾಕ್ಷಿಯೇ. ಸಂಶಯ ಬಂದಲ್ಲಿ ಪರೀಕ್ಷೆ, ಪರೀಕ್ಷೆಯ ಬಳಿಕ ನಿಶ್ಚಯ. ಒಬ್ಬನಲ್ಲಿ ನಡೆಯಬೇಕಾದ ಈ ಕಾರ್ಯವನ್ನು ಇನ್ನೊಬ್ಬನು, ತಂದೆಯಾದರೂ, ನಡೆಸಿಕೊಡಲಾರನು. ಅಂತರ್ಜಾಲದಲ್ಲಿ ಮಗುವಿಗೆ ಪ್ರತಿಕ್ಷಣವೂ ಬೇಕಾದದ್ದು ಈ ಪರೀಕ್ಷೆಯೇ. ‘ನಾನೂ ನಿನ್ನ ವಯಸ್ಸಿನವಳೇ’ ಎಂದು ಬರೆಯುವವರು ನಿಜವಾಗಿ ಯಾರು? ಬಹುಮಾನ ಬಂದಿದೆ, ಒ.ಟಿ.ಪಿ. ಹೇಳು ಎನ್ನುವವರು ಎಲ್ಲಿಯವರು? ಇಂದು ಯಂತ್ರಗಳು ಇಲ್ಲದ ಚಿತ್ರವನ್ನೂ ಇಲ್ಲದ ಧ್ವನಿಯನ್ನೂ ಸೃಷ್ಟಿಸಬಲ್ಲವು; ಪರದೆಯ ಮೇಲೆ ಕಂಡದ್ದನ್ನು ಪ್ರತ್ಯಕ್ಷಪ್ರಮಾಣವೆಂದು ನಂಬುವ ಕಾಲ ಕಳೆಯಿತು. ತಂದೆಯ ಜೊತೆಯಲ್ಲಿ ಕುಳಿತು ಹತ್ತು ಸಂದೇಶಗಳನ್ನು ಹೀಗೆ ಪರೀಕ್ಷಿಸಿದ ಮಗುವು ಹನ್ನೊಂದನೆಯದನ್ನು ತಾನೇ ಪರೀಕ್ಷಿಸುತ್ತದೆ. ಗುಟ್ಟಾಗಿ ನೋಡುವ ತಂದೆಯಿಂದ ಈ ಶಿಕ್ಷಣ ದೊರೆಯುವುದಿಲ್ಲ. ಪರೀಕ್ಷೆ ಅವನದಾಗುತ್ತದೆ, ಮಗುವು ಇದ್ದಲ್ಲಿಯೇ ಇರುತ್ತದೆ.

ಇನ್ನೊಂದು ಕಾರಣವು ಇದಕ್ಕಿಂತಲೂ ಗಂಭೀರವಾದುದು. ಅಪರಿಚಿತನೊಬ್ಬನು ಸ್ನೇಹ ಬೆಳೆಸಿ, ಮಗುವಿನಿಂದ ಕಳುಹಿಸಬಾರದ ಚಿತ್ರವೊಂದನ್ನು ಪಡೆದು, ಬಳಿಕ ‘ಹಣ ಕೊಡು, ಇಲ್ಲವೇ ಇನ್ನೂ ಚಿತ್ರ ಕಳುಹಿಸು, ತಪ್ಪಿದರೆ ನಿನ್ನ ಮನೆಯವರಿಗೆ ತೋರಿಸುತ್ತೇನೆ’ ಎಂದು ಬೆದರಿಸುವ ಕ್ರೌರ್ಯವು ಈಗ ಎಲ್ಲೆಡೆ ನಡೆಯುತ್ತಿದೆ. ಆ ಬೆದರಿಕೆಯಲ್ಲಿ ಅವನ ಆಯುಧ ಯಾವುದೆಂದು ವಾಚಕರು ಗಮನಿಸಬೇಕು. ಅದು ಚಿತ್ರವಲ್ಲ, ಮನೆಯವರ ಮೇಲೆ ಮಗುವಿಗಿರುವ ಭಯ. ‘ಹೇಳಿದರೆ ಬೈಗುಳ, ಯಂತ್ರವನ್ನೂ ಕಿತ್ತುಕೊಳ್ಳುತ್ತಾರೆ, ಶಾಲೆಯನ್ನೂ ಬಿಡಿಸಿಯಾರು’ ಎಂಬ ಲೆಕ್ಕ ಹಾಕಿ ಮಗು ಬಾಯಿ ಮುಚ್ಚಿದಷ್ಟು ದಿನವೂ ಅವನ ಬಲ ಬೆಳೆಯುತ್ತದೆ. ಕದ್ದು ನೋಡುವ ಹೆತ್ತವರು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾರೆ. ಅಂದಿನಿಂದ ಮಗುವು ಸ್ನೇಹಿತನ ಫೋನನ್ನು ಹಿಡಿಯುತ್ತದೆ, ಬೇರೆ ಹೆಸರಿನ ಖಾತೆಯನ್ನು ತೆರೆಯುತ್ತದೆ, ಮರೆಮಾಚುವ ವಿದ್ಯೆಯಲ್ಲಿ ಪಾರಂಗತವಾಗುತ್ತದೆ. ಕಷ್ಟಕಾಲದಲ್ಲಿ ಮೊದಲು ಬಂದು ಹೇಳಬೇಕಾದ ಬಾಗಿಲನ್ನು ಹೆತ್ತವರು ತಾವೇ ಮುಚ್ಚಿಕೊಂಡಂತಾಯಿತು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ನಿರ್ಣಯಿಸಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅದು ಮುಖ್ಯವಾಗಿ ಪ್ರಜೆಗೂ ಪ್ರಭುತ್ವಕ್ಕೂ ಸಂಬಂಧಿಸಿದ್ದು. ತಂದೆ ಮಕ್ಕಳ ನಡುವೆ ನ್ಯಾಯಾಲಯವನ್ನು ತರುವ ಅಗತ್ಯವಿಲ್ಲ. ಆದರೆ ಬೆಳೆಯುತ್ತಿರುವ ಮಗುವಿಗೂ ಮಾನವಿದೆ ಎಂಬುದನ್ನು ಮರೆಯಬಾರದು. ಆರು ವರ್ಷದ ಕೂಸಿಗೂ ಹದಿನಾರರ ಹುಡುಗಿಗೂ ಒಂದೇ ಕಟ್ಟಳೆ ಸಲ್ಲದು. ಯೋಗ್ಯತೆಗೆ ತಕ್ಕಂತೆ ಉಪದೇಶ ಎಂಬುದು ನಮಗೇನೂ ಹೊಸ ಮಾತಲ್ಲ.

ಹಾಗಾದರೆ ಬಹಿರಂಗವಾದ ಮೇಲ್ವಿಚಾರಣೆ ಹೇಗಿರಬೇಕು? ನಮ್ಮ ಊರಿನಲ್ಲಿಯೇ ಎರಡು ದೃಷ್ಟಾಂತಗಳುಂಟು. ಒಂದು ಕೆಂಪುಕಲ್ಲಿನ ಕೋಟೆ. ದಪ್ಪ ಗೋಡೆ, ಸುತ್ತಲೂ ಕಂದಕ. ಇನ್ನೊಂದು ಅಘನಾಶಿನಿಯ ಗಜನಿ ಗದ್ದೆಗಳು. ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುವಾಗ ಒಡ್ಡಿನ ಹಲಗೆಬಾಗಿಲು ಉಬ್ಬರದ ಉಪ್ಪುನೀರನ್ನು ತಡೆದು, ಇಳಿತದಲ್ಲಿ ಮಳೆನೀರನ್ನು ಹೊರಬಿಡುತ್ತದೆ. ಕೊಯ್ಲಾದ ಮೇಲೆ ಅದೇ ಬಾಗಿಲಿನಿಂದ ಹೊಳೆಯ ನೀರನ್ನು ಒಳಬಿಡುತ್ತಾರೆ. ಕೋಟೆಯಲ್ಲಿ ಇಂದು ವಾಸಿಸುವವರಿಲ್ಲ. ಗಜನಿಯಲ್ಲಿ ಇಂದಿಗೂ ಕಗ್ಗ ಬೆಳೆಯುವವರಿದ್ದಾರೆ. ಆದರೆ ಉಬ್ಬರದ ಹೊತ್ತನ್ನು ಬಲ್ಲವನೊಬ್ಬನು ಆ ಬಾಗಿಲಿನ ಮೇಲೆ ಕಣ್ಣಿಟ್ಟಿರಬೇಕು.

ಮನೆಯಲ್ಲಿ ಯಂತ್ರವು ಜಗುಲಿಯಲ್ಲಿಯೋ ನಡುಮನೆಯಲ್ಲಿಯೋ ಇರಲಿ. ರಾತ್ರಿ ಮಲಗುವ ಕೋಣೆಗೆ ಹೋಗದಿರಲಿ. ಮಗುವಿಗೆ ಪ್ರತ್ಯೇಕ ಖಾತೆಯಿರಲಿ, ಹೊಸ ತಂತ್ರಾಂಶ ಸೇರಿಸಲು ಹಿರಿಯರ ಗುಪ್ತಪದ ಬೇಕಾಗುವಂತೆ ಮಾಡಿರಿ. ಗೂಗಲ್, ಮೈಕ್ರೋಸಾಫ್ಟ್ ಸಂಸ್ಥೆಗಳು ಕುಟುಂಬಕ್ಕಾಗಿಯೇ ಇಂತಹ ಸೌಕರ್ಯಗಳನ್ನು ಒದಗಿಸಿವೆ. ಅವನ್ನು ಮಗುವಿನ ಎದುರಿನಲ್ಲಿಯೇ ಅಳವಡಿಸಬೇಕು. ಯಂತ್ರವು ಶಾಲೆಯದಾಗಿದ್ದರೆ, ಅದರಲ್ಲಿ ನಡೆಯುವುದನ್ನು ಶಾಲೆಯಲ್ಲಿ ಯಾರು ನೋಡಬಲ್ಲರೆಂದು ಶಿಕ್ಷಕರನ್ನು ಕೇಳಿರಿ. ಕೇಳಲು ಸಂಕೋಚ ಬೇಡ. ಇಂಗ್ಲಿಷ್ ಬಾರದ ತಾಯಿಯು ‘ಇದೇನು ಮಗಾ, ನನಗೂ ಓದಿ ಹೇಳು’ ಎಂದು ಪಕ್ಕದಲ್ಲಿ ಕೂರುವುದು ಯಾವ ತಂತ್ರಾಂಶಕ್ಕೂ ಕಡಿಮೆಯಲ್ಲ. ಮತ್ತೆ, ನೈವೇದ್ಯದ ಹೊತ್ತಿನಲ್ಲಿಯೂ ವಾಟ್ಸಾಪ್ ತೆರೆಯುವ ತಂದೆಯು ಮಗನಿಗೆ ನಿಯಮ ಹೇಳಹೊರಟರೆ ಕೇಳುವವರಾರು?

ಕೇಡು ಸಂಭವಿಸಿಯೇ ಬಿಟ್ಟರೆ ಮೊದಲ ಮಾತು ‘ನೀನು ಹೇಳಿದ್ದು ಒಳ್ಳೆಯದಾಯಿತು’ ಎಂದಿರಲಿ. ಹಣ ಕೊಡಬಾರದು, ಸಂದೇಶಗಳನ್ನು ಅಳಿಸಬಾರದು, ಅವು ಪುರಾವೆ. ಸೈಬರ್ ವಂಚನೆಗೆ 1930, ಮಕ್ಕಳ ಸಹಾಯಕ್ಕೆ 1098 ಎಂಬ ಸಂಖ್ಯೆಗಳುಂಟು. ಪೊಲೀಸರಿಗೂ ದೂರು ಕೊಡಬಹುದು. ಮಕ್ಕಳ ಅಂತಹ ಚಿತ್ರವನ್ನು ಹರಡುವುದು 2012ರ ಪೋಕ್ಸೊ ಕಾಯಿದೆಯ ಪ್ರಕಾರವೂ ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರವೂ ಅಪರಾಧ. ಅಪರಾಧಿ ಬೆದರಿಸುವವನೇ ಹೊರತು ನಿಮ್ಮ ಮಗುವಲ್ಲ.

ಒಂದು ಅಪವಾದವನ್ನು ಒಪ್ಪಬೇಕು. ಮಗುವು ಊಟ ನಿದ್ರೆ ಬಿಟ್ಟು, ಕೇಳಿದರೂ ಹೇಳದೆ ಕುಗ್ಗುತ್ತಿದ್ದು, ಪ್ರಾಣಕ್ಕೇ ಅಪಾಯವಿರಬಹುದೆಂಬ ಶಂಕೆ ಬಂದಾಗ ಒಪ್ಪಿಗೆಗಾಗಿ ಕಾಯುತ್ತ ಕೂರಲಾಗದು. ಯಂತ್ರವನ್ನು ತೆರೆದು ನೋಡಲೇಬೇಕು. ನೋಡಿದುದನ್ನು ಅಂದೇ, ತಂದೆತಾಯಿಗಳಿಬ್ಬರೂ ಮಗುವಿನ ಬಳಿ ಕುಳಿತು, ‘ನಿನ್ನನ್ನು ಕೇಳದೆ ನೋಡಿದೆವು, ಹೆದರಿಕೆಯಾಗಿತ್ತು’ ಎಂದು ಹೇಳಿಬಿಡಬೇಕು. ಆಗ ಮಗು ಸಿಟ್ಟಾದರೆ ಆಗಲಿ. ಎದ್ದು ಹೋಗದೆ ಅಲ್ಲಿಯೇ ಕುಳಿತಿರಬೇಕು.