ಯೋಸೇಫನು ಕೊಟ್ಟ ಎರಡು ಹಕ್ಕಿಗಳು

(ಓದತಕ್ಕ ಭಾಗ: ಲೂಕ 2ನೆಯ ಅಧ್ಯಾಯ, 1ರಿಂದ 24ನೆಯ ವಚನದ ವರೆಗೆ, ಯಾಜಕಕಾಂಡ 12ನೆಯ ಅಧ್ಯಾಯ)



ನಮ್ಮ ರಕ್ಷಕನು ಹುಟ್ಟಿದ ಹಬ್ಬವು ಸಮೀಪಿಸಿತು. ಊರೂರಿನ ಸಭೆಗಳಲ್ಲಿ ಕಾಗದದ ನಕ್ಷತ್ರಗಳು ಏರಿದವು. ದೇವಾಲಯದ ಗೋಡೆಗಳಿಗೆ ಸುಣ್ಣವಾಯಿತು. ಯೌವನಸ್ಥರು ದೀಪದ ಸರಗಳ ಗಂಟು ಬಿಡಿಸುತ್ತಾ ಕೂತಿದ್ದಾರೆ. ಇದನ್ನು ನೋಡಿ ಸಂತೋಷಪಡದವನು ಯಾರು? ಹಬ್ಬ ಮಾಡಬೇಡಿರೆಂದು ಹೇಳುವದಕ್ಕೆ ನಾನು ಬರೆಯುತ್ತಿಲ್ಲ. ಹಾಗೆ ಹೇಳಿದವರೂ ಇದ್ದರು. ಇಂಗ್ಲೆಂಡಿನ ಪಾರ್ಲಿಮೆಂಟು 1647ರಲ್ಲಿ ಈ ಹಬ್ಬವನ್ನೇ ನಿಷೇಧಿಸಿತು. ಸಮುದ್ರದಾಚೆ ಮಸಾಚುಸೆಟ್ಸ್ ಸೀಮೆಯಲ್ಲಿ 1659ರಿಂದ 1681ರ ವರೆಗೆ ಹಬ್ಬ ಆಚರಿಸಿದವನಿಗೆ ಐದು ಶಿಲಿಂಗು ದಂಡವಿತ್ತು. ಅವರು ದೇವಭಕ್ತರೇ, ಕುಡಿತ ಜೂಜುಗಳನ್ನು ಕಂಡು ಬೇಸತ್ತಿದ್ದರು, ಹುಟ್ಟಿದ ದಿನವನ್ನು ಸತ್ಯವೇದವು ಎಲ್ಲಿಯೂ ಹೇಳಿಲ್ಲವೆಂದೂ ವಾದಿಸಿದರು. ಹೇಳಿಲ್ಲವೆಂಬದು ನಿಜವೇ, ಡಿಸೆಂಬರ್ 25ನ್ನು ರೋಮಾಪುರದ ಸಭೆಯು 336ನೆಯ ವರುಷದಷ್ಟು ಹಿಂದೆಯೇ ಎಣಿಸುತ್ತಿತ್ತೆಂದು ಹಳೆಯ ಪಂಚಾಂಗವೊಂದರಿಂದ ತಿಳಿಯುತ್ತದೆ. ಆದರೆ ಕಳೆಯಿದೆಯೆಂದು ಬೆಳೆಗೇ ಬೆಂಕಿಯಿಡುವವನು ಒಕ್ಕಲಿಗನಲ್ಲ.

ನನ್ನ ಮಾತು ಬೇರೆ. ಅದನ್ನು ಹೇಳಲು ನನ್ನ ತಪ್ಪನ್ನೇ ನಿಮ್ಮ ಮುಂದೆ ಇಡಬೇಕಾಗಿದೆ.

ಕಳೆದ ವರುಷ ನನ್ನ ಕೈಕೆಳಗಿರುವ ಒಂದು ಸಭೆಯ ಹಿರಿಯರು ಕೂಡಿ, ಹಬ್ಬಕ್ಕೆ ಮನೆಗೆ ಐದು ನೂರು ರೂಪಾಯಿ ಪಟ್ಟಿ ಎತ್ತಬೇಕೆಂದು ನಿಶ್ಚಯಿಸಿದರು. ದೀಪಗಳಿಗೆ, ದೊಡ್ಡ ಧ್ವನಿಪೆಟ್ಟಿಗೆಗಳ ಬಾಡಿಗೆಗೆ, ಪೇಟೆಯಿಂದ ತರಿಸುವ ಕೇಕಿಗೆ ಎಂದು ಲೆಕ್ಕವಾಯಿತು. ನನ್ನ ಅಕ್ಷರ ದುಂಡಗಿದೆಯೆಂದು ಪಟ್ಟಿ ಬರೆಯುವ ಕೆಲಸವು ನನಗೆ ಬಂತು. ಕೊಟ್ಟವರ ಹೆಸರಿನ ಮುಂದೆ ಮೊತ್ತವನ್ನೂ ಕೊಡದವರ ಹೆಸರಿನ ಮುಂದೆ ‘ಬಾಕಿ’ ಎಂದೂ ಬರೆದು, ದೇವಾಲಯದ ಬಾಗಿಲಿಗೆ ಅಂಟಿಸಿದೆನು. ಯಾರನ್ನೂ ನಾಚಿಕೆಪಡಿಸುವ ಉದ್ದೇಶವು ನನ್ನಲ್ಲಿರಲಿಲ್ಲ. ಆದರೆ ಯೋಚಿಸಲೂ ಇಲ್ಲ.

ಹಬ್ಬದ ನಸುಕಿನ ಆರಾಧನೆಗೆ ಕೂಲಿ ಮಾಡಿ ಬದುಕುವ ವೃದ್ಧರೊಬ್ಬರು ಬರಲಿಲ್ಲ. ಜ್ವರವೇನೋ ಎಂದುಕೊಂಡು ಮಧ್ಯಾಹ್ನ ಅವರ ಮನೆಗೆ ಹೋದೆನು. ಬೀಗವಿತ್ತು. ನೆರೆಯವರು ಹೊಲದ ಕಡೆಗೆ ಕೈ ತೋರಿಸಿದರು. ವಿಧವೆಯಾದ ಮಗಳನ್ನೂ ಮೊಮ್ಮಗಳನ್ನೂ ಕರಕೊಂಡು ಆ ಹಿರಿಯರು ಕ್ರಿಸ್ಮಸ್ ದಿವಸವೇ ಹತ್ತಿ ಬಿಡಿಸುತ್ತಿದ್ದರು. “ಅಜ್ಜನವರೇ, ಇಂದು ಯಾಕೆ ಬರಲಿಲ್ಲ?” ಎಂದು ಕೇಳಿದೆನು. ಅವರು ಉಡಿಯೊಳಗಿನ ಹತ್ತಿಯನ್ನು ಚೀಲಕ್ಕೆ ಸುರಿದು, “ಬಾಗಿಲಲ್ಲಿ ನನ್ನ ಹೆಸರಿನ ಮುಂದೆ ಬಾಕಿ ಎಂದು ಬರೆದದೆ ಎಂದು ಮೊಮ್ಮಗಳು ಓದಿ ಹೇಳಿದಳು, ಅಯ್ಯನವರೇ. ಬಾಕಿ ಇರುವವನು ಒಳಗೆ ಹೇಗೆ ಬರಲಿ?” ಅಂದರು.

ಪ್ರಿಯರೇ, ಆ ಮುಂಜಾನೆ ನಾನು ಬೇತ್ಲೆಹೇಮಿನ ಛತ್ರದಲ್ಲಿ ಸ್ಥಳ ದೊರೆಯದ ಸಂಗತಿಯನ್ನು ಕುರಿತು ಪ್ರಸಂಗ ಮಾಡಿದ್ದೆನು. ಚೆನ್ನಾಗಿತ್ತೆಂದು ಹಿರಿಯರು ಹೇಳಿದರು ಸಹ. ಛತ್ರದ ಬಾಗಿಲು ಹಾಕಿದವನು ನಾನೇ ಎಂದು ನನಗೆ ತಿಳಿದದ್ದು ಹತ್ತಿಯ ಹೊಲದಲ್ಲಿ.

ಆ ರಾತ್ರಿ ಲೂಕನ ಎರಡನೆಯ ಅಧ್ಯಾಯವನ್ನು ತಿರುಗಿ ಓದಿದೆನು. ನಾವು ಹಬ್ಬದ ದಿವಸ ಕುರುಬರು ಮರಳಿ ಹೋದ ವಚನಕ್ಕೆ ನಿಲ್ಲಿಸಿಬಿಡುತ್ತೇವೆ. ಮುಂದಕ್ಕೆ ನಾಲ್ಕು ವಚನ ಓದಿರಿ. ಶುದ್ಧೀಕರಣದ ದಿವಸಗಳು ತುಂಬಿದ ಮೇಲೆ ಯೋಸೇಫನೂ ಮರಿಯಳೂ ಕೂಸನ್ನೆತ್ತಿಕೊಂಡು ಯೆರೂಸಲೇಮಿಗೆ ಹೋದರು. ಬೇತ್ಲೆಹೇಮಿನಿಂದ ಅದು ಸುಮಾರು ಎರಡು ಹರದಾರಿಯ ದಾರಿ. ಗಂಡುಕೂಸನ್ನು ಹೆತ್ತ ತಾಯಿಯು ನಾಲ್ವತ್ತು ದಿವಸಗಳಾದ ಮೇಲೆ ಒಂದು ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ಕಾಣಿಕೆ ತರಬೇಕೆಂಬದು ಮೋಶೆಯ ಕಟ್ಟಳೆ. ಕುರಿ ತರಲು ಕೈಲಾಗದವಳಿಗೆ ಅದೇ ಅಧ್ಯಾಯದ ಕೊನೆಗೆ ಬೇರೊಂದು ಮಾತುಂಟು: ಎರಡು ಹಕ್ಕಿಗಳೇ ಸಾಕು. ಲೂಕನು ಕುರಿಮರಿಯ ಸುದ್ದಿಯನ್ನೇ ಎತ್ತುವದಿಲ್ಲ. ಹಕ್ಕಿಗಳನ್ನು ಮಾತ್ರ ಹೇಳುತ್ತಾನೆ. ಲೋಕದ ಪಾಪವನ್ನು ಹೊರುವ ದೇವರ ಕುರಿಮರಿಯು ತಾಯಿಯ ತೋಳಲ್ಲಿದ್ದಾನೆ. ಆ ತಾಯಿಯ ಬಳಿ ಒಂದು ಕುರಿಮರಿ ಕೊಳ್ಳುವಷ್ಟು ಹಣವಿಲ್ಲ! ನಮ್ಮ ಪಟ್ಟಿಯಲ್ಲಿ ಯೋಸೇಫನ ಹೆಸರಿದ್ದರೆ ಅದರ ಮುಂದೆ ನಾನು ಏನು ಬರೆಯುತ್ತಿದ್ದೆನು?

ದೇವರ ಆಲಯದಲ್ಲಿ ಅವರ ಕಾಣಿಕೆಗೆ ‘ಬಾಕಿ’ ಎಂಬ ಹೆಸರಿರಲಿಲ್ಲ. ಅದು ಪೂರ್ಣ ಕಾಣಿಕೆಯೇ ಆಗಿತ್ತು. ಬಡವನಿಗೆ ತಕ್ಕ ಅಳತೆಯನ್ನು ದೇವರು ತಾನೇ ಮೊದಲು ಬರೆಸಿಟ್ಟಿದ್ದನು.

ಕೆಂಪು ಅಂಗಿಯ ಅಜ್ಜನ ವಿಷಯವಾಗಿ ಕೆಲವರು ನನ್ನನ್ನು ಕೇಳುತ್ತಾರೆ. ಮಕ್ಕಳು ನಗುವದಕ್ಕೆ ನಾನು ಅಡ್ಡಬರಲಾರೆ. ಆದರೆ ಆ ವೇಷದ ಬೇರು ನಿಮಗೆ ತಿಳಿದಿರಲಿ. ಪೌಲನು ಸೆರೆಯವನಾಗಿ ರೋಮಿಗೆ ಹೋಗುವಾಗ ಹಡಗು ಬದಲಿಸಿದ ಮುರ ಪಟ್ಟಣದಲ್ಲಿ, ನಾಲ್ಕನೆಯ ಶತಮಾನದಲ್ಲಿ, ನಿಕೊಲಾಯನೆಂಬ ಬಿಷಪನಿದ್ದನು. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ಆತನು ರಾತ್ರಿಯಲ್ಲಿ ಯಾರಿಗೂ ಕಾಣದಂತೆ ಹಣದ ಗಂಟನ್ನು ಮನೆಯೊಳಕ್ಕೆ ಎಸೆದನೆಂಬ ಐತಿಹ್ಯವುಂಟು. ಆತನು ಕತ್ತಲಲ್ಲಿ ಕೊಟ್ಟನು. ನಾವು ಧ್ವನಿಪೆಟ್ಟಿಗೆಯಲ್ಲಿ ಹೆಸರು ಕೂಗಿ ಕೊಡುತ್ತೇವೆ.

ಇನ್ನೊಂದು ಮಾತು, ತಾಯಂದಿರಿಗೆ. ಹೊಸ ಬಟ್ಟೆಗೆಂದು ಸಂಘದಲ್ಲಿ ಸಾಲ ತೆಗೆದು ಈಸ್ಟರಿನ ತನಕ ವಾರದ ಕಂತು ಕಟ್ಟುವವರನ್ನು ಬಲ್ಲೆನು. ಹಳೆಯ ಸೀರೆಯುಟ್ಟು ದೇವಾಲಯಕ್ಕೆ ಹೇಗೆ ಬರುವದೆಂದು ಮನೆಯಲ್ಲೇ ಉಳಿದವರನ್ನೂ ಬಲ್ಲೆನು. ದೂತನು ಕುರುಬರಿಗೆ ಕೊಟ್ಟ ಗುರುತು ಯಾವದು? ದೀಪವಲ್ಲ, ಜರತಾರಿಯಲ್ಲ; ಬಟ್ಟೆಯಲ್ಲಿ ಸುತ್ತಿ ದನಗಳ ಗೋದಲಿಯಲ್ಲಿ ಮಲಗಿಸಿದ ಕೂಸು. ಆ ಕುರುಬರೋ ಮಂದೆ ಕಾಯುತ್ತಿದ್ದ ಬಟ್ಟೆಯಲ್ಲಿಯೇ ಅವಸರವಾಗಿ ಬಂದರು. ಮೊದಲು ನೋಡಿದವರೂ ಅವರೇ.

ಈ ವರುಷ ನಮ್ಮ ಹಿರಿಯರ ಮುಂದೆ ಈ ಸಂಗತಿಯನ್ನೆಲ್ಲಾ ಇಟ್ಟೆನು. ಒಬ್ಬಿಬ್ಬರು ಮುಖ ಗಂಟಿಕ್ಕಿದರು. ಪಕ್ಕದೂರಿನ ಸಭೆಯವರು ನಗುವರೆಂಬ ಭಯ ಅವರದು. ಕಡೆಗೆ ಒಪ್ಪಿದರು. ಬಾಗಿಲಿಗೆ ಪಟ್ಟಿಯಿಲ್ಲ, ಒಳಗೆ ಮುಚ್ಚಿದ ಡಬ್ಬಿಯೊಂದನ್ನು ಇಟ್ಟಿದ್ದೇವೆ. ಧ್ವನಿಪೆಟ್ಟಿಗೆಗಳಿಲ್ಲ, ಭಜನೆಗೆ ನಮ್ಮ ತಬಲ, ಹಾರ್ಮೋನಿಯಂ ಸಾಕು. ಕೇಕು ಮಾತ್ರ ಇರಲೆಂದು ಮಕ್ಕಳು ಹಟಮಾಡಿದರು, ಇರಲಿ. ಊಟಕ್ಕೆ ಪ್ರತಿ ಮನೆಯವರು ತಮ್ಮಲ್ಲಿದ್ದ ಜೋಳವನ್ನೋ ಬೇಳೆಯನ್ನೋ ತಂದು ಒಂದೇ ಒಲೆಯ ಬಳಿ ಕೂಡಿಸುವರು. ಯಾರು ಎಷ್ಟು ತಂದರೆಂದು ಬರೆಯುವವನಿಲ್ಲ.

ಆ ಅಜ್ಜನವರು ಆದಿತ್ಯವಾರಗಳಲ್ಲಿ ಬರುತ್ತಾರೆ, ಆದರೆ ಬಾಗಿಲ ಬಳಿಯಲ್ಲಿಯೇ ಕೂಡುತ್ತಾರೆ. ಹೋದ ವಾರ ಅವರ ಮನೆಗೆ ಹೋಗಿ ಕ್ಷಮೆ ಬೇಡಿ, ಹಬ್ಬದ ನಸುಕಿನಲ್ಲಿ ಮೊದಲನೆಯ ಪ್ರಾರ್ಥನೆಯನ್ನು ನೀವೇ ಮಾಡಬೇಕು ಎಂದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು; ಬರುತ್ತೇನೆ ಎನ್ನಲಿಲ್ಲ, ಬರುವದಿಲ್ಲ ಎಂದೂ ಅನ್ನಲಿಲ್ಲ. ಒಳಗಿದ್ದ ಮಗಳನ್ನು ಕೂಗಿ, “ಅಯ್ಯನವರಿಗೆ ಚಹಾ ಇಡವ್ವಾ” ಅಂದರು.