ಹಳೆಯ ಕಾರು, ಹೊಸ ತಗಡು

ಬೆಂಗಳೂರು–ಹಾಸನ ಹೆದ್ದಾರಿಯ ಹಿರೀಸಾವೆಯಲ್ಲಿ ಒಬ್ಬಾತ ಮನೆಯಂಗಳದಲ್ಲಿ ತಂದೆಯ ಅಂಬಾಸಿಡರ್ ಕಾರನ್ನು ಬಿಚ್ಚಿ ಕುಳಿತಿದ್ದಾನೆಂದು ಊಹಿಸಿಕೊಳ್ಳಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಲ್ಲಿ ರೂಪುಗೊಂಡ ಈ ಕಾರಿನ ತಯಾರಿಕೆ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲೇ ನಿಂತಿತು. ಹೊಸದು ಸಿಗದು, ಇದ್ದುದನ್ನೇ ಉಳಿಸಿಕೊಳ್ಳಬೇಕು.

ಬಾಗಿಲು, ಸೀಟು, ಎಂಜಿನ್ ಒಂದೊಂದಾಗಿ ಬದಲಾದ ಮೇಲೆ ಅದು ಅಪ್ಪನ ಕಾರೇ? ಹಲಗೆಗಳೆಲ್ಲ ಬದಲಾದ ಥೀಸಿಯಸ್ಸನ ಹಡಗು ಅದೇ ಹಡಗೇ ಎಂದು ಗ್ರೀಕರೂ ತರ್ಕಿಸಿದ್ದರು. ನಮ್ಮ ಸರ್ಕಾರದ 2021ರ ನಿಯಮವೂ ಒಂದು ಗೆರೆ ಎಳೆದಿದೆ: 50 ವರ್ಷ ದಾಟಿ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಮಾರ್ಪಡದೆ ಉಳಿದ ವಾಹನವಷ್ಟೇ ‘ವಿಂಟೇಜ್’.

ಆದರೆ ಅಂಗಳದ ಪ್ರಶ್ನೆ ಇನ್ನೂ ಕಠಿಣ. ಅಂಬಾಸಿಡರಿಗೆ ಪ್ರತ್ಯೇಕ ಚಾಸಿ ಇಲ್ಲ. ನೆಲದ ತಗಡೂ ಸೇರಿದ ಬಾಡಿಯೇ ಭಾರ ಹೊರುತ್ತದೆ. ಅದು ತುಕ್ಕು ಹಿಡಿದರೆ ಕೊಳೆತಷ್ಟನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಆಗ ‘ಎಲ್ಲ ಮೂಲದ್ದೇ’ ಎಂಬ ಹೆಮ್ಮೆ ಕುಂದುತ್ತದೆ. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಖರ್ಚೂ ಕಡಿಮೆ, ಹೆಮ್ಮೆಯೂ ಉಳಿಯುತ್ತದೆ. ಆದರೆ ಅಪಘಾತವಾದ ದಿನ ಒಳಗೆ ಕುಳಿತವರನ್ನು ಪುಟ್ಟಿ ಕಾಯುವುದಿಲ್ಲ.

ಹಾಗಾಗಿ ಕಾರು ‘ಅದೇಯೇ’ ಎಂಬುದಕ್ಕಿಂತ, ಮಕ್ಕಳನ್ನು ಅದರಲ್ಲಿ ನಿಶ್ಚಿಂತೆಯಿಂದ ಕೂರಿಸಬಲ್ಲೆನೇ, ನಾಳೆ ಕೊಳ್ಳುವವನಿಗೆ ಬದಲಿಸಿದ್ದನ್ನೆಲ್ಲ ಹೇಳಬಲ್ಲೆನೇ ಎಂಬುದು ದೊಡ್ಡ ಪ್ರಶ್ನೆ. ಹೊಸ ತಗಡು ಅಪ್ಪನಿಗೆ ಮಾಡಿದ ದ್ರೋಹವಲ್ಲ. ಮುಚ್ಚಿಟ್ಟ ತುಕ್ಕು ದ್ರೋಹ.

ಹಿರಿಯರು ಬಿಟ್ಟುಹೋದ ಮನೆತನ, ಸಂಘ–ಸಂಸ್ಥೆಗಳನ್ನೂ ನಾವು ದುರಸ್ತಿ ಮಾಡುತ್ತಲೇ ಇರುತ್ತೇವೆ. ಎಲ್ಲಿ ಬೆಸೆದಿದ್ದೇವೆ, ಎಲ್ಲಿ ಬರೀ ಮೆತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಳ್ಳೋಣ.